ಕ್ಯಾಮೆರಾ ಕಂಡದ್ದು, ಕಟಕಟೆ ಕೇಳಿದ್ದು

ಕಳಸ, ಮೂಡಿಗೆರೆ ಕಡೆಯ ಹಳಬರು 2005ರ ಫೆಬ್ರವರಿಯನ್ನು ಮರೆತಿರಲಾರರು. ನಕ್ಸಲ್ ನಾಯಕ ಸಾಕೇತ್ ರಾಜನ್ ಪೊಲೀಸರ ಗುಂಡಿಗೆ ಬಲಿಯಾದಾಗ, ಸಂಘಟಿತ ಅಪರಾಧ ಮಟ್ಟಹಾಕಲು ರಾಜ್ಯ ತಂದಿದ್ದ ಕೋಕಾ ಕಾಯ್ದೆ ಇನ್ನೂ ಹೊಸದು. ಫೋನ್ ಕದ್ದಾಲಿಕೆಯನ್ನು ಸಾಕ್ಷ್ಯವಾಗಿಸುವ ದಾರಿ ಅದರಲ್ಲಿತ್ತು, 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಸಾಕ್ಷ್ಯ ಕಾಯ್ದೆಗೆ, ಡಿಜಿಟಲ್ ದಾಖಲೆಯನ್ನು ಪ್ರಮಾಣಪತ್ರದೊಂದಿಗೆ ಸಾಕ್ಷ್ಯವಾಗಿ ಒಪ್ಪುವ 65ಬಿ ಕಲಮನ್ನು ಸೇರಿಸಿತ್ತು. ಹೊಡೆದು ಬಾಯಿಬಿಡಿಸುವ ಕಾಲ ಹೋಯಿತು, ಇನ್ನು ಯಂತ್ರವೇ ಸಾಕ್ಷಿ ನುಡಿಯುತ್ತದೆ ಎಂಬ ಭರವಸೆ ಹುಟ್ಟಿತು. ಆದರೆ ಸಿಗ್ನಲ್ಲೇ ಸಿಗದ ನಮ್ಮ ಕಣಿವೆಗಳಲ್ಲಿ ಕದ್ದಾಲಿಸಲು ಏನಿತ್ತು? ಪೊಲೀಸರು ನೆಚ್ಚಿದ್ದು ಮಾಹಿತಿದಾರರನ್ನು. ಮಾಹಿತಿದಾರರೆಂಬ ಶಂಕೆಗೇ ಜೀವ ತೆತ್ತವರೂ ಈ ಮಲೆನಾಡಿನಲ್ಲಿದ್ದಾರೆ.

ಕಾಡು ಸೇರಿದವರನ್ನು ನಾಡಿಗೆ ಕರೆತರಲು ಓಡಾಡಿದ ಪತ್ರಕರ್ತೆ ಗೌರಿ ಲಂಕೇಶ್ ಇಲ್ಲಿಗೆ ಹೊರಗಿನವರಲ್ಲ. 2014ರ ಡಿಸೆಂಬರ್‌ನಲ್ಲಿ ಸಿರಿಮನೆ ನಾಗರಾಜ್, ನೂರ್ ಶ್ರೀಧರ್ ಮುಖ್ಯವಾಹಿನಿಗೆ ಮರಳಿದ್ದರ ಹಿಂದೆ ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿಯವರೊಂದಿಗೆ ಗೌರಿಯವರ ಶ್ರಮವೂ ಇತ್ತು. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ಮನೆಯಂಗಳದಲ್ಲಿ ಅವರನ್ನು ಕೊಂದವನ ತಲೆಗೆ ಹೆಲ್ಮೆಟ್ ಇತ್ತು. ಸಿಸಿ ಕ್ಯಾಮೆರಾಕ್ಕೆ ಮುಖ ಸಿಗಲಿಲ್ಲ, ಕೆಲವು ಕ್ಷಣಗಳ ಚಲನೆಯಷ್ಟೇ ಸಿಕ್ಕಿತು. ವಿಶೇಷ ತನಿಖಾ ತಂಡ (ಎಸ್‌ಐಟಿ) ಅದನ್ನೇ ಪ್ರಯೋಗಾಲಯಕ್ಕೆ ಕಳಿಸಿ, ಆರೋಪಿಯ ನಡಿಗೆಯೊಂದಿಗೆ ಹೋಲಿಸಿ ನೋಡಿಸಿತು. ಸೋಜಿಗವೆಂದರೆ, ಜಾಲದ ಎಳೆ ಬಿಚ್ಚಿಕೊಟ್ಟವುಗಳಲ್ಲಿ ಸಂಕೇತಾಕ್ಷರದ ಕೈಬರಹದ ಡೈರಿಯೂ ಒಂದು. 2018ರ ನವೆಂಬರ್‌ನಲ್ಲಿ 9,235 ಪುಟಗಳ ದೋಷಾರೋಪ ಪಟ್ಟಿ ಸಲ್ಲಿಕೆಯಾಯಿತು. 2021ರಲ್ಲಿ ಹೈಕೋರ್ಟ್ ಒಬ್ಬ ಆರೋಪಿಯ ಮೇಲಿನ ಕೋಕಾವನ್ನು ತೆಗೆದುಹಾಕಿತು. ಗೌರಿಯವರ ತಂಗಿ ಕವಿತಾ ಲಂಕೇಶ್ ಮೇಲ್ಮನವಿ ಹೋದರು, ಅದೇ ವರ್ಷದ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮರಳಿಸಿತು. ವಿಚಾರಣೆ ಶುರುವಾದದ್ದು 2022ರಲ್ಲಿ. ಕೊಲೆಯಾಗಿ ಏಳು ವರ್ಷ ತುಂಬಿದಾಗ ಹಲವರಿಗೆ ಜಾಮೀನು ಸಿಕ್ಕಿತ್ತು, ತೀರ್ಪು ಬಂದಿರಲಿಲ್ಲ. ತನಿಖೆ ಚುರುಕಾಯಿತು ನಿಜ. ನ್ಯಾಯದ ನಡಿಗೆಯನ್ನು ಚುರುಕುಗೊಳಿಸುವ ಯಂತ್ರ ಮಾತ್ರ ಬರಲಿಲ್ಲ.

ಈ ನಡುವೆ ಸುಪ್ರೀಂ ಕೋರ್ಟ್ 2014ರಲ್ಲಿ, ಮತ್ತೆ 2020ರಲ್ಲಿ, 65ಬಿ ಪ್ರಮಾಣಪತ್ರವಿಲ್ಲದ ಡಿಜಿಟಲ್ ಪ್ರತಿ ಸಲ್ಲದೆಂದು ಬಿಗಿಮಾಡಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕ್ರಿಮಿನಲ್ ಕಾನೂನುಗಳು ಶೋಧ, ಜಪ್ತಿಯನ್ನೂ ಚಿತ್ರೀಕರಿಸಬೇಕೆನ್ನುತ್ತವೆ. ಇದು ಲಾಭವೇ, ಠಾಣೆಯಲ್ಲೇ ಕುಳಿತು ಮಹಜರು ಬರೆಯುವುದು ಮೊದಲಿನಷ್ಟು ಸುಲಭವಲ್ಲ. ಆದರೂ 2025ರ ಜನವರಿಯಲ್ಲಿ ಮುಂಡಗಾರು ಲತಾ ಸೇರಿ ಆರು ನಕ್ಸಲರು ಶರಣಾದದ್ದರ ಹಿಂದಿದ್ದುದು ಮಾತುಕತೆ, ಧ್ವನಿಮುದ್ರಿಕೆಯಲ್ಲ. ಈಗ ಕಣದ ಕಾಫಿ, ಮೆಣಸು ಕಾಯಲು ತೋಟಗಳಿಗೂ ಕ್ಯಾಮೆರಾ ಬಂದಿದೆ. ಕಳವಾದರೆ ಕಳ್ಳನ ದೃಶ್ಯ ಬೆಳಗಾಗುವುದರೊಳಗೆ ವಾಟ್ಸ್ಆ್ಯಪ್‌ನಲ್ಲಿ ಊರು ಸುತ್ತಿರುತ್ತದೆ. ಡಿವಿಆರ್‌ನಿಂದ ಅದನ್ನು ತೆಗೆದವರು ಯಾರು, ಪ್ರಮಾಣಪತ್ರಕ್ಕೆ ಸಹಿ ಹಾಕುವವರು ಯಾರು ಎಂದು ಕೇಳಿದರೆ ಮಾತ್ರ ತೋಟದ ರೈಟರು ಸಾಹುಕಾರರ ಮುಖ ನೋಡುತ್ತಾರೆ.