ಸೇಬು ಸುಲಿದ ಅಪ್ಪ
ತಾವು ಅಳದೆ ನೋಡುವವರ ಕಣ್ಣು ತೇವ ಮಾಡುವ ನಟರು ಕಡಿಮೆ. ಜಪಾನಿನ ಚಿಶು ರ್ಯು (1904–1993) ಅಂಥವರು. ಕುಮಾಮೊಟೊ ಪ್ರಾಂತ್ಯದ ಬೌದ್ಧ ದೇಗುಲದ ಮನೆಯಲ್ಲಿ ಹುಟ್ಟಿದ ಇವರು ಯುದ್ಧಾನಂತರ ನಿರ್ದೇಶಕ ಯಸುಜಿರೊ ಓಜು ಚಿತ್ರಗಳ ಕಾಯಂ ಅಪ್ಪನಾದರು. ‘ಲೇಟ್ ಸ್ಪ್ರಿಂಗ್’ (1949) ಕೊನೆಯಲ್ಲಿ, ಮಗಳ ಮದುವೆ ಮುಗಿಸಿ ಬಂದ ಅಪ್ಪ ಒಬ್ಬನೇ ಕೂತು ಸೇಬು ಸುಲಿಯುತ್ತಾನೆ. ಸಿಪ್ಪೆ ಉದ್ದಕ್ಕೆ ಇಳಿದು ಬೀಳುತ್ತದೆ, ಕೈ ನಿಲ್ಲುತ್ತದೆ, ತಲೆ ಬಾಗುತ್ತದೆ. ಅಷ್ಟೇ. ‘ಟೋಕಿಯೊ ಸ್ಟೋರಿ’ಯಲ್ಲಿ (1953) ಮಕ್ಕಳಿಗೆ ಹೊರೆಯಾದ ಎಪ್ಪತ್ತರ ಆಸುಪಾಸಿನ ಮುದುಕನಾದಾಗ ಅವರಿಗಿನ್ನೂ 49, ಮಗನ ಪಾತ್ರ ಮಾಡಿದ ಸೋ ಯಾಮಾಮುರಾ ರ್ಯುಗಿಂತ ಆರೇ ವರ್ಷ ಚಿಕ್ಕವರು. ಆ ಮುಪ್ಪು ಬಂದದ್ದು ಬರೀ ಬಣ್ಣದಿಂದಲ್ಲ. ಬಾಗಿದ ಬೆನ್ನಿನಿಂದ, ಮಾತಿಗೆಲ್ಲ ಹೂಂಗುಟ್ಟುವ ನಿಧಾನದಿಂದ. ಅಬ್ಬರವೇ ಅಭಿನಯ ಎಂದುಕೊಂಡವರು ಆ ಸೇಬಿನ ದೃಶ್ಯವನ್ನೊಮ್ಮೆ ನೋಡಲಿ.