ಊರಿಗೆ ಒಗ್ಗುವ ಯಂತ್ರ

ಕಳೆದ ಬೇಸಗೆಯ ರಜೆಯಲ್ಲಿ ಒಂದು ಸಂಜೆ, ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಲಿಂಗಸುಗೂರಿನಿಂದ ಸಿಂಧನೂರಿನ ನಮ್ಮ ಮನೆಗೆ ಬಂದಳು. ಈಗ ಆಕೆ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಕುಶಲಪ್ರಶ್ನೆಗಳು ಮುಗಿದ ಮೇಲೆ ಚೀಲದಿಂದ ಮೂರು ಜಾಹೀರಾತಿನ ಹಾಳೆಗಳನ್ನು ತೆಗೆದು ನನ್ನ ಮುಂದಿಟ್ಟು, “ಒಂದು ಲ್ಯಾಪ್‌ಟಾಪ್ ಕೊಳ್ಳಬೇಕಾಗಿದೆ, ಇವುಗಳಲ್ಲಿ ಯಾವುದನ್ನು ಕೊಳ್ಳಲಿ, ಸರ್?” ಎಂದು ಕೇಳಿದಳು. ಮೂವತ್ತು ವರ್ಷ ಛಂದಸ್ಸಿನ ಗಣಗಳನ್ನು ಎಣಿಸಿದವನನ್ನು ಗಣಕದ ಗುಣ ಕೇಳುತ್ತಿದ್ದಾಳಲ್ಲಾ ಎಂದು ಮೊದಲು ನನಗೆ ನಗು ಬಂದಿತು. ಆದರೆ ಆಕೆ ಮೆಚ್ಚಿದ್ದ, ಅತ್ಯಂತ ತೆಳ್ಳಗಿನ, ಥಳಥಳಿಸುವ ಯಂತ್ರದ ಬೆಲೆ ಆಕೆಯ ನಾಲ್ಕು ತಿಂಗಳ ಸಂಬಳವೆಂದೂ, ಅದನ್ನು ಕಂತಿನ ಸಾಲದ ಮೇಲೆ ಕೊಳ್ಳಬೇಕೆಂದೂ ತಿಳಿದಾಗ ಆ ನಗು ಅಡಗಿತು. ವರ್ಷದ ಹನ್ನೆರಡು ತಿಂಗಳೂ ಸಂಬಳ ಬಾರದ ನೌಕರಿ ಅವಳದು. ಇಂಥವಳು ತಪ್ಪು ಯಂತ್ರವನ್ನು ಆರಿಸಿದರೆ ಆಗುವ ನಷ್ಟ ಬರಿಯ ಹಣದ್ದಲ್ಲ, ಅವಳ ಪಿಎಚ್.ಡಿ. ಪ್ರಬಂಧವೇ ಒಂದು ವರ್ಷ ಹಿಂದೆ ಬೀಳುತ್ತದೆ.

ನಾನು ಕೂಡಲೆ ಉತ್ತರ ಕೊಡಲಿಲ್ಲ. ಅದಕ್ಕೆ ಕಾರಣವಿದೆ. ಈ ವಿಷಯದಲ್ಲಿ ನಾನು ಪಂಡಿತನಲ್ಲದಿದ್ದರೂ ಪೆಟ್ಟು ತಿಂದವನು. ನಿವೃತ್ತನಾಗುವುದಕ್ಕೆ ಕೆಲವು ವರ್ಷ ಮುಂಚೆ, ದೂರದ ದೊಡ್ಡ ನಗರವೊಂದಕ್ಕೆ ಹೋದಾಗ, ತಂಪಾದ ಗಾಜಿನ ಮಳಿಗೆಯಲ್ಲಿ ಒಂದು ಹಗುರವಾದ ಯಂತ್ರವನ್ನು ಕಂಡು ಮರುಳಾಗಿ ಕೊಂಡುತಂದೆ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ತರಗತಿಯಲ್ಲಿ ಎಷ್ಟು ಸಲ ವಿವರಿಸಿದ್ದೆನೋ! ಎರಡು ಬೇಸಗೆಗಳನ್ನು ಅದು ಹೇಗೋ ಕಳೆಯಿತು. ಮೂರನೆಯ ಬೇಸಗೆಯಲ್ಲಿ ಅದರ ಬ್ಯಾಟರಿ ಉಬ್ಬಿ, ಕೀಲಿಮಣೆಯನ್ನು ಒಳಗಿನಿಂದ ಎತ್ತಿ, ಒಂದು ಮಧ್ಯಾಹ್ನ ಯಂತ್ರ ಕಣ್ಣು ಮುಚ್ಚಿತು. ಅದರ ಸ್ಮರಣಕೋಶವನ್ನು ತಾಯಿಹಲಗೆಗೇ ಬೆಸೆದುಬಿಟ್ಟಿದ್ದುದರಿಂದ ನಮ್ಮ ಊರಿನ ರಿಪೇರಿಯವನು ಕೈಚೆಲ್ಲಿದನು. ನಗರಕ್ಕೆ ಕಳುಹಿಸಿದೆ. ಹಲಗೆಯನ್ನೇ ಬದಲಾಯಿಸಿ, ಆರು ವಾರಗಳ ಮೇಲೆ ಯಂತ್ರವನ್ನು ಹಿಂದಿರುಗಿಸಿದರು. ಯಂತ್ರ ಬಂದಿತು, ಅದರೊಳಗಿದ್ದುದು ಬರಲಿಲ್ಲ.

ಅದರೊಳಗಿದ್ದುದೇನು? ಆರು ವರ್ಷಗಳ ಕಾಲ ಈ ಮೂರು ತಾಲೂಕುಗಳ ಹಳ್ಳಿಗಳಲ್ಲಿ ತಿರುಗಿ, ಭತ್ತದ ಸಸಿ ನಾಟುವ ಹೆಣ್ಣುಮಕ್ಕಳ ಬಾಯಿಂದ ನಾನು ಕೇಳಿ ಬರೆದುಕೊಂಡ ಹಾಡುಗಳು. ಹಾಡಿದವರಲ್ಲಿ ಇಬ್ಬರು ಅಜ್ಜಿಯರು ಈಗ ಇಲ್ಲ. ಆ ಯಂತ್ರದ ಬೆಲೆಯನ್ನು ನಾನು ಎಂದೋ ಮರೆತೆ. ಆ ಇಬ್ಬರು ಅಜ್ಜಿಯರ ಹಾಡುಗಳನ್ನು ಮರೆಯಲಾರೆ, ನೆನೆಯಲೂ ಆರೆ. ಅಪರಾಧ ಯಂತ್ರದ್ದು ಎಷ್ಟೋ ನನ್ನದೂ ಅಷ್ಟೇ. ಇನ್ನೊಂದು ಪ್ರತಿಯನ್ನು ನಾನು ಮಾಡಿಟ್ಟಿರಲಿಲ್ಲ.

ಈ ಪೆಟ್ಟಿನಿಂದ ನಾನು ಕಲಿತ ಪಾಠ ಇಷ್ಟು: ನಂಬಿಕೆ ಎಂಬುದು ಯಂತ್ರದ ಒಳಗಿರುವ ಗುಣವಲ್ಲ, ಅದು ಯಂತ್ರಕ್ಕೂ ಊರಿಗೂ ಇರುವ ಸಂಬಂಧ. ಮಲೆನಾಡಿನ ಮನೆಯಲ್ಲಿ ಹತ್ತು ವರ್ಷ ಬಾಳುವ ಯಂತ್ರ ನಮ್ಮ ಎರೆನಾಡಿನಲ್ಲಿ ಮೂರಕ್ಕೇ ಸೋಲಬಹುದು. ಒಕ್ಕಲಿಗನಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಸಂತೆಯಲ್ಲಿ ಎತ್ತನ್ನು ಕೊಳ್ಳುವಾಗ ಅವನು ಕೊಂಬಿಗೆ ಬಳಿದ ಬಣ್ಣವನ್ನು ನೋಡುವುದಿಲ್ಲ, ಹಲ್ಲನ್ನು ಎಣಿಸುತ್ತಾನೆ, ಗೊರಸನ್ನು ಎತ್ತಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ, ಕಡೆಗೆ “ಇದು ಎರೆಭೂಮಿಯಲ್ಲಿ ದುಡಿದದ್ದೋ, ಮಸಾರಿಯಲ್ಲಿ ದುಡಿದದ್ದೋ?” ಎಂದು ಕೇಳುತ್ತಾನೆ. ಓದು ಬಲ್ಲ ನಾವು ಮಾತ್ರ ಬಣ್ಣವನ್ನು ನೋಡಿ ಹಣ ಎಣಿಸುತ್ತೇವೆ.

ಹಾಗಾದರೆ ನಮ್ಮ ಊರಿನ ಗುಣವೇನು? ಮೊದಲನೆಯದು ಬಿಸಿಲು. ಅನೇಕ ಲ್ಯಾಪ್‌ಟಾಪುಗಳ ಕೈಪಿಡಿಯಲ್ಲಿ, ಸುತ್ತಲಿನ ಗಾಳಿ ೩೫ ಡಿಗ್ರಿಯನ್ನು ಮೀರದ ಕಡೆ ಬಳಸಿರೆಂದು ಸಣ್ಣ ಅಕ್ಷರಗಳಲ್ಲಿ ಅಚ್ಚು ಹಾಕಿರುತ್ತಾರೆ. ರಾಯಚೂರು ಜಿಲ್ಲೆಯಲ್ಲಿ ಏಪ್ರಿಲ್, ಮೇ ತಿಂಗಳ ಹಗಲು ೪೦ನ್ನು ದಾಟುವುದು ವಿಶೇಷವೇ ಅಲ್ಲ. ಲಿಥಿಯಮ್ ಬ್ಯಾಟರಿಗೆ ಶಾಖವೇ ಕ್ಷಯರೋಗ. ಪೂರ್ತಿ ತುಂಬಿದ ಬ್ಯಾಟರಿಯನ್ನು ೨೫ ಡಿಗ್ರಿಯಲ್ಲಿ ಒಂದು ವರ್ಷ ಇಟ್ಟರೆ ಅದು ತನ್ನ ಸಾಮರ್ಥ್ಯದಲ್ಲಿ ಸುಮಾರು ಐದನೆಯ ಒಂದು ಭಾಗವನ್ನು ಕಳೆದುಕೊಳ್ಳುತ್ತದೆ. ೪೦ ಡಿಗ್ರಿಯಲ್ಲಿ ಇಟ್ಟರೆ ಸುಮಾರು ಮೂರನೆಯ ಒಂದು ಭಾಗವನ್ನು. ಆದುದರಿಂದ ಶೇಕಡಾ ೮೦ರಲ್ಲಿ ತುಂಬುವುದನ್ನು ನಿಲ್ಲಿಸುವ ಏರ್ಪಾಡು ಯಂತ್ರದಲ್ಲಿದೆಯೇ ಎಂದು ಕೇಳಬೇಕು. ಬ್ಯಾಟರಿಯನ್ನು ತಿರುಪು ಬಿಚ್ಚಿ ಬದಲಾಯಿಸಬಹುದೇ ಎಂದು ಅದಕ್ಕೂ ಮೊದಲು ಕೇಳಬೇಕು.

ಎರಡನೆಯದು ಧೂಳು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಸಿಂಧನೂರಿಗೆ ಭತ್ತವನ್ನು ತಂದಿತು. ಭತ್ತ ಅಕ್ಕಿಯ ಗಿರಣಿಗಳನ್ನು ತಂದಿತು. ಗಿರಣಿಗಳು ತೌಡಿನ, ಹೊಟ್ಟಿನ ನವಿರಾದ ಧೂಳನ್ನು ತಂದವು. ಈ ಧೂಳು ಯಂತ್ರದ ಪಂಖದ ಬಾಯಿಗೆ ಕೂತು ಅದರ ಉಸಿರು ಕಟ್ಟಿಸುತ್ತದೆ. ವರ್ಷಕ್ಕೊಮ್ಮೆ ಹಿಂಬದಿಯ ಮುಚ್ಚಳವನ್ನು ತೆಗೆದು ಗುಡಿಸಲು ಬರುವ ಯಂತ್ರವೇ ನಮಗೆ ತಕ್ಕುದು. ಮೂರನೆಯದು ವಿದ್ಯುತ್ತು. ಶಕ್ತಿನಗರದ ಉಷ್ಣವಿದ್ಯುತ್ ಸ್ಥಾವರ ೧೯೮೫ರಿಂದ ನಾಡಿಗೆಲ್ಲ ಬೆಳಕು ಕೊಡುತ್ತಿರುವುದು ನಮ್ಮ ಜಿಲ್ಲೆಯಿಂದಲೇ. ಆದರೂ ನಮ್ಮ ಹಳ್ಳಿಗಳಲ್ಲಿ ದೀಪ ಯಾವಾಗ ಆರುವುದೆಂಬುದಕ್ಕೆ ಪಂಚಾಂಗವಿಲ್ಲ. ನಾಲ್ಕನೆಯದು, ಎಲ್ಲಕ್ಕಿಂತ ದೊಡ್ಡದು, ದೂರ. ಸಿಂಧನೂರಿನಿಂದ ಜಿಲ್ಲಾ ಕೇಂದ್ರಕ್ಕೆ ಮಾನ್ವಿಯ ಮೇಲೆ ಹಾದು ಎರಡು ತಾಸಿನ ದಾರಿ. ಯಂತ್ರವನ್ನು ಕೊಟ್ಟುಬರುವುದಕ್ಕೊಂದು ದಿನ, ತರುವುದಕ್ಕೊಂದು ದಿನ. ಅತಿಥಿ ಉಪನ್ಯಾಸಕಿಗೆ ಎರಡು ದಿನವೆಂದರೆ ಎರಡು ದಿನದ ಸಂಬಳ. ಅಂದಮೇಲೆ, ನಿಮ್ಮ ಊರಿನ ರಿಪೇರಿಯವನಿಗೆ ಯಾವ ಯಂತ್ರವನ್ನು ಬಿಚ್ಚಲು ಬರುತ್ತದೆಯೋ ಅದನ್ನೇ ಕೊಳ್ಳಿರಿ ಎಂಬುದು ನನ್ನ ಮೊದಲನೆಯ ಹಾಗೂ ಕಡೆಯ ಸೂತ್ರ. ಕೊಳ್ಳುವುದಕ್ಕೆ ಮುಂಚೆ ಅಂಗಡಿಗಲ್ಲ, ಅವನ ಬಳಿಗೆ ಹೋಗಬೇಕು.

ಇನ್ನು ಕೆಲಸದ ಮಾತು. ಬರೆಯುವುದು, ಓದುವುದು, ಅಂಕಪಟ್ಟಿ ಸಿದ್ಧಪಡಿಸುವುದು, ಆಗೀಗ ದೂರದವರಿಗೆ ಪಾಠ ಹೇಳುವುದು, ಇಷ್ಟಕ್ಕೆ ೮ ಜಿಬಿ ಸ್ಮೃತಿ ಹೇಗೋ ಸಾಲುತ್ತದೆ. ೧೬ ಇದ್ದರೆ ಐದಾರು ವರ್ಷ ಚಿಂತೆಯಿಲ್ಲ. ಈಗ ಎಂಟೇ ಕೊಂಡರೂ ಮುಂದೆ ಸೇರಿಸಲು ಎಡೆ ಇರಬೇಕು. ಸಂಗ್ರಹಕ್ಕೆ ತಿರುಗುವ ತಟ್ಟೆಯ ಹಳೆಯ ಹಾರ್ಡ್‌ಡಿಸ್ಕ್ ಬೇಡ. ಚಲಿಸುವ ಭಾಗಗಳಿಲ್ಲದ ಎಸ್‌ಎಸ್‌ಡಿ ನಮ್ಮ ಬಸ್ಸಿನ ಕುಲುಕಾಟವನ್ನು ತಡೆದುಕೊಳ್ಳುತ್ತದೆ. ಕನ್ನಡಿಯಂತೆ ಹೊಳೆಯುವ ಪರದೆಗಿಂತ ಮಂಕಾದ ಪರದೆ ಪಡಸಾಲೆಯ ಬೆಳಕಿಗೆ ಲೇಸು. ಅಂಗಡಿಯಲ್ಲೇ ಕುಳಿತು ಒಂದು ಪುಟ ಕನ್ನಡವನ್ನು, ಒತ್ತಕ್ಷರಗಳು ಹೇರಳವಾಗಿರುವ ಪುಟವನ್ನು, ಟೈಪು ಮಾಡಿ ನೋಡಬೇಕು. ಬೆರಳಿಗೆ ಒಗ್ಗದ ಕೀಲಿಮಣೆ ಪ್ರಬಂಧವನ್ನು ಮುಗಿಸಗೊಡುವುದಿಲ್ಲ. ಬರೆದುದು ಯೂನಿಕೋಡ್ ಅಕ್ಷರಗಳಲ್ಲಿರಲಿ. ನುಡಿ, ಬರಹಗಳ ಹಳೆಯ ಅಕ್ಷರಶೈಲಿಗಳಲ್ಲಿ ಬರೆದ ಎಷ್ಟೋ ಲೇಖನಗಳು ಇನ್ನೊಬ್ಬರ ಯಂತ್ರದಲ್ಲಿ ತೆರೆದಾಗ ಅರ್ಥವಿಲ್ಲದ ಗೀಟುಗಳಾಗುತ್ತವೆ. ಯಂತ್ರ ಸಾಯದೆಯೂ ಬರಹ ಸಾಯುವ ಬಗೆ ಇದು.

ಕಚೇರಿಗಳಲ್ಲಿ ಎರಡು ಮೂರು ವರ್ಷ ದುಡಿದು, ಮತ್ತೆ ಸಜ್ಜುಗೊಂಡು ಮಾರಾಟಕ್ಕೆ ಬರುವ ದಪ್ಪ ಯಂತ್ರಗಳನ್ನು ನಮ್ಮ ಜನ ಕೀಳಾಗಿ ಕಾಣುತ್ತಾರೆ. ಇದು ನ್ಯಾಯವಲ್ಲ. ಬಿಚ್ಚಿ ರಿಪೇರಿ ಮಾಡಲೆಂದೇ ಕಟ್ಟಿದ ಯಂತ್ರಗಳು ಅವುಗಳಲ್ಲಿ ಬಹಳ. ಆದರೆ ಒಂದು ಎಚ್ಚರಿಕೆ ಬೇಕು: ವಿಂಡೋಸ್ ೧೦ಕ್ಕೆ ಇದ್ದ ಸಾಮಾನ್ಯ ಬೆಂಬಲ ೨೦೨೫ರ ಅಕ್ಟೋಬರ್ ೧೪ರಂದು ಮುಗಿದಿದೆ, ವಿಂಡೋಸ್ ೧೧ಕ್ಕೆ ಟಿಪಿಎಂ ೨.೦ ಎಂಬ ರಕ್ಷಣಾ ಚಿಪ್ಪೂ, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೆಯ ತಲೆಮಾರಿನ ಅಥವಾ ಅನಂತರದ ಸಂಸ್ಕಾರಕವೂ ಬೇಕು. ಅದಕ್ಕಿಂತ ಹಳೆಯದನ್ನು ಅಗ್ಗವೆಂದು ಕೊಳ್ಳುವವರು ಲಿನಕ್ಸ್ ಕಲಿಯುವ ಮನಸ್ಸುಳ್ಳವರಾಗಿರಬೇಕು.

ಇಲ್ಲಿ ವಾಚಕರು ಒಂದು ಆಕ್ಷೇಪ ಎತ್ತಬಹುದು. ತೆಳ್ಳಗಿನ ಯಂತ್ರ ಕೆಟ್ಟದ್ದೇ? ಅಲ್ಲ. ತಂಪಾದ ಕೋಣೆಯಲ್ಲಿ ಕುಳಿತು, ಸಂಜೆಯೊಳಗೆ ರಿಪೇರಿ ಮಾಡಿಸಿಕೊಳ್ಳಬಲ್ಲ ಬೆಂಗಳೂರಿನವರಿಗೆ ಅದು ಒಳ್ಳೆಯದೇ. ದಿನವೂ ಬಸ್ಸಿನಲ್ಲಿ ಹೊತ್ತು ತಿರುಗುವವರಿಗೆ ಅರ್ಧ ಕಿಲೋ ಹೆಚ್ಚಿನ ಭಾರ ಹೆಗಲಿಗೆ ನೋವೇ. ಅದನ್ನು ನಾನು ಅಲ್ಲಗಳೆಯೆ. ಆದರೆ ನೋಯುವ ಹೆಗಲು ರಾತ್ರಿಯ ನಿದ್ದೆಗೆ ಸರಿಹೋಗುತ್ತದೆ. ಕಳೆದುಹೋದ ಬರಹಕ್ಕೆ ಆ ಔಷಧವಿಲ್ಲ.

ಇಷ್ಟನ್ನೂ ಕೇಳಿದ ಮೇಲೆ ಆಕೆ, “ಹಾಗಾದರೆ ಇಂಥ ಯಂತ್ರ ಎಂದೂ ಕೆಡುವುದಿಲ್ಲವೇ?” ಎಂದಳು. ಕೆಡುತ್ತದೆ. ಎಲ್ಲ ಯಂತ್ರಗಳೂ ಕೆಡುತ್ತವೆ. ಲಿಂಗಸುಗೂರಿಗೆ ಹಿಂದಿರುಗುವ ದಾರಿಯಲ್ಲಿ ಮಸ್ಕಿ ಸಿಕ್ಕುತ್ತದಲ್ಲ, ಅಲ್ಲಿಯ ಬಂಡೆಯನ್ನು ನೆನೆ ಎಂದೆ. ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ೧೯೧೫ರಲ್ಲಿ ಆ ಬಂಡೆಯ ಮೇಲಿನ ಬ್ರಾಹ್ಮೀ ಶಾಸನವನ್ನು ಕಂಡನು. ಅದುವರೆಗೆ ದೊರೆತಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಿದ್ದುವೇ ಹೊರತು ಅಶೋಕನೆಂಬ ಹೆಸರಿರಲಿಲ್ಲ. ಮಸ್ಕಿಯಲ್ಲಿ ಆ ಹೆಸರು ಸಿಕ್ಕಿತು. ಕಲ್ಲಿಗಿಂತ ನಂಬಿಕೆಯ ಹಲಗೆ ಯಾವುದಿದೆ? ಆದರೂ ಮಸ್ಕಿಯ ಶಾಸನದ ಕೆಲವು ಅಕ್ಷರಗಳು ಸವೆದುಹೋಗಿವೆ. ವಿದ್ವಾಂಸರು ಅವುಗಳನ್ನು ಹೇಗೆ ತುಂಬಿಕೊಂಡರು? ಅಶೋಕನು ಅದೇ ಮಾತನ್ನು ಬ್ರಹ್ಮಗಿರಿಯಲ್ಲಿ, ಕೊಪ್ಪಳದ ಗವಿಮಠದಲ್ಲಿ, ಇನ್ನೂ ಹಲವೆಡೆಗಳಲ್ಲಿ ಕೊರೆಸಿದ್ದನು. ಇಲ್ಲಿ ಸವೆದುದು ಅಲ್ಲಿ ಉಳಿದಿತ್ತು. ಅಲ್ಲಿ ಇಲ್ಲದ ಹೆಸರು ಇಲ್ಲಿ ಉಳಿದಿತ್ತು. ಚಕ್ರವರ್ತಿಯೇ ಒಂದು ಬಂಡೆಯನ್ನು ನಂಬಿ ಕೂರಲಿಲ್ಲ. ನಾನು ಒಂದು ತೆಳ್ಳಗಿನ ಹಲಗೆಯನ್ನು ನಂಬಿದೆ.

ಮುಂದಿನ ತಿಂಗಳು ಆಕೆ ಕಚೇರಿಯಲ್ಲಿ ದುಡಿದ ದಪ್ಪ ಯಂತ್ರವೊಂದನ್ನು ಕೊಂಡಳು. ಲಿಂಗಸುಗೂರಿನ ರಿಪೇರಿಯವನೇ ಅದನ್ನು ಬಿಚ್ಚಿ ನೋಡಿ ಒಪ್ಪಿದನಂತೆ. ಬೆಲೆ ಆಕೆಯ ಒಂದೂವರೆ ತಿಂಗಳ ಸಂಬಳ, ಸಾಲವಿಲ್ಲ. ಉಳಿದ ಹಣದಲ್ಲಿ ಪ್ರತಿ ಇಡುವುದಕ್ಕೆಂದು ಮೂರು ಸಣ್ಣ ಹೊರಡ್ರೈವುಗಳನ್ನು ತಂದಳು. ನನ್ನ ಅಟ್ಟದ ಮೇಲೆ ಮಸಿ ಆರಿದ ಒಂದು ನೋಟುಪುಸ್ತಕ ಉಳಿದಿತ್ತು. ಕಳೆದುಹೋದ ಹಾಡುಗಳಲ್ಲಿ ಹದಿನೇಳರ ಮೊದಲ ಬರವಣಿಗೆ ಅದರಲ್ಲಿತ್ತು. ಅದನ್ನು ಆಕೆ ಹೊಸ ಯಂತ್ರದಲ್ಲಿ ಟೈಪು ಮಾಡಿದಳು. ಈಗ ಒಂದು ಪ್ರತಿ ಲಿಂಗಸುಗೂರಿನಲ್ಲಿ ಅವಳ ಬಳಿ, ಒಂದು ಸಿಂಧನೂರಿನಲ್ಲಿ ನನ್ನ ಬಳಿ, ಇನ್ನೊಂದು ಮಸ್ಕಿಯಲ್ಲಿ ಅವಳ ಸಹೋದ್ಯೋಗಿಯೊಬ್ಬರ ಬಳಿ ಇದೆ. ಹದಿನೇಳರಲ್ಲಿ ಎರಡು ಹಾಡುಗಳು ಆ ಅಜ್ಜಿಯರವು. ಉಳಿದವು ಹೋದವು.