ಹಳೇದನ್ನ ಮರೀರಿ ಅನ್ನೋರಿಗೆ



ಮೊನ್ನೆ ಆಫೀಸಿನಲ್ಲಿ ಬದನವಾಳು ಮಾತು ಬಂತು. ಪಕ್ಕದ ಟೇಬಲ್ಲಿನವರು "ಮೂವತ್ತು ವರ್ಷ ಆಯ್ತಲ್ಲ ಸಾರ್, ಮರೀರಿ" ಅಂದರು.

ಮರೆಯೋದು ಹೇಗೆ ಅಂತ ನಮ್ಮಪ್ಪನನ್ನು ಕೇಳಿ. 1993ರ ಮಾರ್ಚ್‌ನಲ್ಲಿ ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ, ಸಿದ್ದೇಶ್ವರ ದೇವಸ್ಥಾನ ಪ್ರವೇಶದ ದ್ವೇಷಕ್ಕೆ ಮೂವರು ದಲಿತರನ್ನು ಕೊಂದರು. ನಾವಿದ್ದದ್ದು ತಿ. ನರಸೀಪುರದ ಕಡೆ. ಆದರೂ ಸುದ್ದಿ ಬಂದ ರಾತ್ರಿ ನಮ್ಮ ಕೇರಿಯಲ್ಲಿ ಯಾರೂ ದೀಪ ಹಚ್ಚಲಿಲ್ಲ. ಅಪ್ಪ ಬಾಗಿಲಿಗೆ ಒನಕೆ ಒತ್ತುಕೊಟ್ಟು ಕೂತಿದ್ದ. ಈಗಲೂ ಸರಿರಾತ್ರಿ ಮನೆ ಮುಂದೆ ಬೈಕ್ ನಿಂತರೆ ಎದ್ದು ಕೂರ್ತಾನೆ, ಮೈಯೆಲ್ಲ ಬೆವರಿರುತ್ತೆ. ಪುಕ್ಕಲು ಅಂತ ನಗೋರು ಇದ್ದಾರೆ. ನಾನೂ ಒಂದು ಕಾಲಕ್ಕೆ ಹಾಗೇ ಅಂದುಕೊಂಡಿದ್ದೆ, ನಾಚಿಕೆ ಆಗುತ್ತೆ.

ವಿಯೆಟ್ನಾಂ ಯುದ್ಧದಿಂದ ವಾಪಸಾದ ಅಮೆರಿಕದ ಸೈನಿಕರಿಗೂ ಹೀಗೇ ಆಗ್ತಿತ್ತು. 1980ರಲ್ಲಿ ಅದಕ್ಕೆ ಪಿಟಿಎಸ್‌ಡಿ ಅಂತ ಕಾಯಿಲೆಯ ಹೆಸರು ಸಿಕ್ಕಿತು. ಆ ಸೈನಿಕ ಯುದ್ಧಭೂಮಿ ಬಿಟ್ಟು ಮನೆಗೆ ಬಂದಿದ್ದ. ನಮ್ಮವರು ಹೊಡೆದವನ ಜಮೀನಿಗೇ ಬೆಳಗ್ಗೆ ಕೂಲಿಗೆ ಹೋಗಬೇಕು. ಬಾಬಾಸಾಹೇಬರು ಒಂಬತ್ತನೇ ವಯಸ್ಸಿನಲ್ಲಿ ಗೋರೆಗಾಂವ್ ದಾರಿಯಲ್ಲಿ ನೀರು ಸಿಗದೆ ಕಳೆದ ರಾತ್ರಿಯನ್ನು ಮೂವತ್ತು ವರ್ಷ ದಾಟಿದ ಮೇಲೂ ಕೂತು ಬರೆದರು. ಅವರಿಗೂ ಮರೀರಿ ಅಂತೀರಾ?

ದೌರ್ಜನ್ಯ ಕೇಸಿನಲ್ಲಿ ಪರಿಹಾರ ಎಫ್‌ಐಆರ್‌ಗೆ ಇಷ್ಟು, ಚಾರ್ಜ್‌ಶೀಟಿಗೆ ಇಷ್ಟು ಅಂತ ಕಂತಿನಲ್ಲಿ ಬರುತ್ತೆ. ನಿದ್ದೆ ಯಾವ ಕಂತಿನಲ್ಲಿ ಬರುತ್ತೆ? ‘ಮನೋಚೈತನ್ಯ’ದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರೋ ವ್ಯವಸ್ಥೆ ಇದೆ. ದೌರ್ಜನ್ಯ ಆದ ವಾರದೊಳಗೆ ಅವರು ಕೇರಿಗೂ ಬರಲಿ. ಹಾಗಂತ ಮಾತ್ರೆ ಕೊಟ್ಟು, ಕೇಸು ವಾಪಸ್ ತಗೊಳ್ಳಿ ಅಂದರೆ ಸುಮ್ಮನಿರಲ್ಲ. ಮುಂದಿನ ಜಾಗೃತಿ ಸಮಿತಿ ಸಭೆಗೆ ಅರ್ಜಿ ಬರೀತಿದ್ದೀನಿ. ಸಹಿ ಹಾಕೋರು ಇನ್‌ಬಾಕ್ಸ್‌ಗೆ ಬನ್ನಿ.